ಬಚ್ಚಲುಮನೆ, ಶೌಚಾಲಯ: ಕಟ್ಟುವ ಮೊದಲು ಯೋಚಿಸಬೇಕಾದ ಸಂಗತಿಗಳು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ಕಂಡ ಕಾಸರಗೋಡಿನ ಕನ್ನಡ ಶಾಲೆಯೊಂದರ ಸಭೆಯಲ್ಲಿ ಸಾಹಿತ್ಯದ ಕುರಿತು, ಯಕ್ಷಗಾನದ ಕುರಿತು, ಗಡಿನಾಡಿನ ಭಾಷಾಸ್ಥಿತಿಯ ಕುರಿತು ಮಾತುಗಳು ನಡೆಯುವುದು ಸಹಜ. ಈ ಮಾಲೆಯಲ್ಲಿ ಅವೆಲ್ಲವನ್ನೂ ಬಲ್ಲವರು ಮಾತನಾಡಲಿದ್ದಾರೆ. ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಆರಿಸಿಕೊಂಡಿರುವುದು ಬಚ್ಚಲುಮನೆ ಮತ್ತು ಶೌಚಾಲಯವೆಂಬ ವಿಷಯವನ್ನು. ಕೆಲವರ ಮುಖದಲ್ಲಿ ನಗು ಮೂಡಿರುವುದು ಇಲ್ಲಿಂದಲೇ ಕಾಣುತ್ತಿದೆ. ನಗುವುದರಲ್ಲಿ ತಪ್ಪೇನಿಲ್ಲ. ದಿನಕ್ಕೆ ಹಲವು ಸಲ ಎಲ್ಲರೂ ಹೊಗುವ, ಆದರೆ ನಾಲ್ಕು ಜನರ ಮುಂದೆ ಯಾರೂ ಮಾತೆತ್ತದ ಕೋಣೆ ಅದು. ಮಾತೆತ್ತದಿರುವುದರಿಂದಲೇ ಅದರ ಯೋಜನೆಯೂ ಕೆಟ್ಟಿದೆ ಎಂಬುದು ನನ್ನ ಅನುಭವ.

ಮನೆ ಕಟ್ಟಿಸುವಾಗ ಚಾವಡಿಯ ಅಳತೆಗೆ, ದೇವರ ಕೋಣೆಯ ದಿಕ್ಕಿಗೆ, ಅಡುಗೆಮನೆಯ ಕಪಾಟಿಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಬಚ್ಚಲಿನ ಸರದಿ ಬರುವಷ್ಟರಲ್ಲಿ ಜಾಗವೂ ಮುಗಿದಿರುತ್ತದೆ, ಹಣವೂ ಮುಗಿದಿರುತ್ತದೆ. ಶಾಲೆ, ಸಭಾಭವನ, ಬಸ್ಸು ನಿಲ್ದಾಣಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. ಕೊನೆಯಲ್ಲಿ ಉಳಿದ ಮೂಲೆಗೆ, ಉಳಿದ ದುಡ್ಡಿನಲ್ಲಿ ಅದು ಎದ್ದುನಿಲ್ಲುತ್ತದೆ. ನಾನು ಈ ದಿನ ಹೇಳಬೇಕೆಂದಿರುವುದು ಇಷ್ಟೇ: ಈ ಕೋಣೆಯನ್ನು ಮೊದಲು ಯೋಚಿಸಬೇಕು, ಯೋಚಿಸುವಾಗ ಅದನ್ನು ಬಳಸುವವರಲ್ಲಿ ಅತ್ಯಂತ ಬಲಹೀನರಾದವರನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಆ ಬಲಹೀನರು ಯಾರೆಂಬುದನ್ನು ಮಾತು ಸಾಗಿದಂತೆ ಹೇಳುತ್ತೇನೆ.

ಎರಡು ಕೋಣೆಗಳ ಕತೆ

ಮೊದಲು ಮಾತುಗಳನ್ನೇ ನೋಡೋಣ. ‘ಬಚ್ಚಲು’ ನಮ್ಮದೇ ನುಡಿ. ‘ಪಾಯಿಖಾನೆ’ ಪಾರಸಿಯಿಂದ ಬಂದದ್ದು. ‘ಕಕ್ಕಸು’ ಡಚ್ಚರ ಮಾತಿನಿಂದ ಬಂದುದೆಂದು ಹೇಳುವುದುಂಟು. ‘ಶೌಚಾಲಯ’ ಸಂಸ್ಕೃತದಿಂದ ಕಟ್ಟಿಕೊಂಡ ಪದ. ಈಗ ‘ಟಾಯ್ಲೆಟ್’ ಇಂಗ್ಲಿಷಿನದು. ಸ್ನಾನದ ಮನೆಗೆ ಮನೆಯ ಮಾತೇ ಇತ್ತು, ಇನ್ನೊಂದಕ್ಕೆ ಪ್ರತಿಸಲವೂ ಹೊರಗಿನ ಮಾತನ್ನು ತಂದುಕೊಳ್ಳಬೇಕಾಯಿತು. ಇದರಲ್ಲಿ ನಮ್ಮ ಕಟ್ಟಡಗಳ ಚರಿತ್ರೆಯೇ ಅಡಗಿದೆ. ಸ್ನಾನ ಮನೆಯ ಆವರಣದೊಳಗೆ ನಡೆಯುತ್ತಿತ್ತು. ಶೌಚಕ್ಕೆ ಜನ ಗುಡ್ಡಕ್ಕೋ ತೋಟದಾಚೆಗೋ ಹೋಗುತ್ತಿದ್ದರು.

ನಮ್ಮ ಕಡೆಯ ಹಳೆಯ ಬಚ್ಚಲು ಕೊಟ್ಟಿಗೆ ಬಹಳ ವಿವೇಕದಿಂದ ರೂಪುಗೊಂಡದ್ದು. ಮುಖ್ಯ ಮನೆಗೆ ತಾಗದೆ, ಬಾವಿಗೆ ಹತ್ತಿರವಾಗಿ, ತೋಟಕ್ಕೆ ಇಳಿಜಾರಾಗಿ ಅದು ಇರುತ್ತಿತ್ತು. ಒಲೆಯ ಮೇಲೆ ತಾಮ್ರದ ಹಂಡೆಯನ್ನು ಹೂಳಿ ಮಣ್ಣು ಮೆತ್ತಿರುತ್ತಿದ್ದರು. ಮಡಲು, ತೆಂಗಿನ ಸಿಪ್ಪೆ, ಗೆರಟೆ ಇವೇ ಉರುವಲು. ಅಡುಗೆಗೆ ಒದಗದ ಕಸವೆಲ್ಲ ಇಲ್ಲಿ ಬೆಂಕಿಯಾಗುತ್ತಿತ್ತು. ಹೊಗೆ ಮೇಲಿನ ಸಂದುಗಳಿಂದ ಹೊರಗೆ ಹೋಗುತ್ತ ಮಳೆಗಾಲದಲ್ಲಿಯೂ ಗೋಡೆಗಳನ್ನು ಒಣಗಿಸುತ್ತಿತ್ತು. ಚಪ್ಪಡಿಕಲ್ಲಿನ ನೆಲ ಒರಟಾಗಿರುತ್ತಿದ್ದುದರಿಂದ ಎಣ್ಣೆಸ್ನಾನ ಮಾಡಿದ ಅಜ್ಜ ಅಜ್ಜಿಯರ ಕಾಲು ಜಾರುತ್ತಿರಲಿಲ್ಲ. ಹೊರಗೆ ಹರಿದ ನೀರು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ, ಅಲ್ಲಿಂದ ಕಂಗಿನ ತೋಟಕ್ಕೆ ಸೇರುತ್ತಿತ್ತು. ದೀಪಾವಳಿಯ ಮುನ್ನಾ ಸಂಜೆ ಹಂಡೆಯನ್ನು ತಿಕ್ಕಿ ತೊಳೆದು ನೀರು ತುಂಬುವುದನ್ನು ಒಂದು ಹಬ್ಬವನ್ನಾಗಿಯೇ ನಾವು ಆಚರಿಸುತ್ತೇವಲ್ಲವೆ? ಒಂದು ಕೋಣೆಗೆ ಹಬ್ಬವೇ ಮೀಸಲಾಗಬೇಕಾದರೆ ಅದರ ಬಗ್ಗೆ ಹಿರಿಯರಿಗೆ ಎಷ್ಟು ಆದರವಿತ್ತೆಂದು ತಿಳಿಯುತ್ತದೆ.

ಶೌಚಾಲಯವು ಮನೆಯೊಳಗೆ ಬರಲು ಸಾಧ್ಯವಾದುದು ಒಂದು ಬಾಗಿದ ಕೊಳವೆಯಿಂದ. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಎಂಬವನು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿದ ಕೊಳವೆಗೆ ಹಕ್ಕುಪತ್ರ ಪಡೆದನು. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಮುಚ್ಚಳ. ಗುಂಡಿಯ ದುರ್ವಾಸನೆಯೂ ನೊಣವೂ ಅದನ್ನು ದಾಟಿ ಬರಲಾರವು. ನಮ್ಮ ಹಳ್ಳಿಗಳಿಗೆಂದು ರೂಪಿಸಿದ ಕಡಿದಾದ ಇಳಿಜಾರಿನ ಪ್ಯಾನಿನಲ್ಲಿ ಈ ನೀರಿನ ತಡೆ ಕೇವಲ 20 ಮಿಲಿಮೀಟರ್. ಒಂದೂವರೆ ಎರಡು ಲೀಟರ್ ನೀರು ಹೊಯ್ದರೆ ಸಾಕು, ತೊಳೆದು ಹೋಗುತ್ತದೆ. ದೊಡ್ಡ ಟ್ಯಾಂಕು, ದೊಡ್ಡ ಸದ್ದು ಯಾವುದೂ ಬೇಕಾಗಿಲ್ಲ.

ತೊಡಕು ಹುಟ್ಟಿದ್ದು ಆಮೇಲೆ. ಹೊರಗಿದ್ದ ಶೌಚ, ಅಂಗಳದಲ್ಲಿದ್ದ ಸ್ನಾನ ಇವೆರಡೂ ಮಲಗುವ ಕೋಣೆಗೆ ಅಂಟಿಕೊಂಡ ನಾಲ್ಕಡಿ ಎಂಟಡಿಯ ಒಂದೇ ಕೋಣೆಯೊಳಗೆ ಸೇರಿಕೊಂಡವು. ಹೊರಗಿನ ದೇಶಗಳಲ್ಲಿ ಈ ಮಾದರಿ ಬೆಳೆದದ್ದು ತೊಟ್ಟಿಯೊಳಗೆ ಕುಳಿತು ಮೀಯುವ, ನೆಲ ಒಣಗಿರುವ ಪದ್ಧತಿಯಲ್ಲಿ. ನಾವಾದರೋ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುವವರು. ನಮ್ಮ ನೆಲ ಸದಾ ಒದ್ದೆ. ಆ ಒದ್ದೆಯ ಮೇಲೆ ಕಮೋಡು, ಅದರ ಕೆಳಗೆ ಕನ್ನಡಿಯಂತೆ ಹೊಳೆಯುವ ಟೈಲ್ಸು. ನೋಡಲು ಅಂದ, ನಡೆಯಲು ಅಪಾಯ.

ಮನೆಯ ಬಚ್ಚಲು ಹೇಗಿರಬೇಕು?

ಮನೆಯ ಮಟ್ಟಿಗೆ ಬಲಹೀನರೆಂದರೆ ಮುಖ್ಯವಾಗಿ ವೃದ್ಧರು. ಮುಪ್ಪಿನಲ್ಲಿ ಬಚ್ಚಲಿನಲ್ಲಿ ಬಿದ್ದು ತೊಡೆಯ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ. ಇದನ್ನು ತಡೆಯಲು ದೊಡ್ಡ ಖರ್ಚು ಬೇಕಾಗಿಲ್ಲ. ಕಟ್ಟುವಾಗಲೇ ಕೆಲವು ಸಂಗತಿಗಳನ್ನು ಗಮನಿಸಿದರೆ ಸಾಕು.

ಒಂದನೆಯದು, ಒದ್ದೆ ಜಾಗವನ್ನೂ ಒಣ ಜಾಗವನ್ನೂ ಬೇರ್ಪಡಿಸುವುದು. ಬಾಗಿಲ ಬಳಿ ಕೈತೊಳೆಯುವ ಬೇಸಿನ್, ನಡುವೆ ಕಮೋಡು, ಒಳಗಿನ ತುದಿಯಲ್ಲಿ ಸ್ನಾನ ಎಂಬುದು ಸರಳವಾದ ಕ್ರಮ. ಸ್ನಾನದ ಭಾಗವು ಒಂದು ಅಂಗುಲದಷ್ಟು ತಗ್ಗಿನಲ್ಲಿರಲಿ. ಆದರೆ ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ತಗ್ಗಿನ ಬದಲು ಇಳಿಜಾರೇ ಇರಲಿ. ಒಂದು ಮೀಟರಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಇಳಿಜಾರು ಕೊಟ್ಟರೆ ನೀರು ನಿಲ್ಲದೆ ಹರಿಯುತ್ತದೆ. ಜಾಗವಿದ್ದವರು ಸ್ನಾನ ಮತ್ತು ಶೌಚಕ್ಕೆ ಎರಡು ಪ್ರತ್ಯೇಕ ಕೋಣೆಗಳನ್ನೇ ಕಟ್ಟುವುದು ಲೇಸು. ಒಬ್ಬರು ಮೀಯುತ್ತಿರುವಾಗ ಇನ್ನೊಬ್ಬರು ಕಾಯಬೇಕಾಗಿ ಬರುವುದಿಲ್ಲ.

ಎರಡನೆಯದು, ನೆಲ. ಹೊಳಪಿನ ಟೈಲ್ಸು ಗೋಡೆಗಿರಲಿ. ನೆಲಕ್ಕೆ ಒರಟು ಮೇಲ್ಮೈಯ ಟೈಲ್ಸೋ ಉಜ್ಜದ ಕಡಪ ಕಲ್ಲೋ ಸಾಕು. ಸಣ್ಣ ಟೈಲ್ಸುಗಳಾದರೆ ಸಂದುಗಳು ಹೆಚ್ಚು. ಪಾದಕ್ಕೆ ಹಿಡಿತವೂ ಹೆಚ್ಚು.

ಮೂರನೆಯದು, ಬಾಗಿಲು. ಅದು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರ ದೇಹವೇ ಅಡ್ಡವಾಗಿ ಬಾಗಿಲು ತೆರೆಯಲಾಗದೆ ಹೊರಗಿನವರು ಅಸಹಾಯರಾಗಿ ನಿಂತ ಪ್ರಸಂಗಗಳನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಹೊರಗಿನಿಂದಲೂ ತೆರೆಯಬಹುದಾದ ಚಿಲಕಗಳು ಪೇಟೆಯಲ್ಲಿ ಸಿಗುತ್ತವೆ. ಹೊಸ್ತಿಲು ಎಡವದಷ್ಟು ತಗ್ಗಿರಲಿ.

ನಾಲ್ಕನೆಯದು, ಹಿಡಿದು ಏಳಲು ಉಕ್ಕಿನ ಸರಳು. ಕಮೋಡಿನ ಪಕ್ಕದಲ್ಲೊಂದು, ಮೀಯುವಲ್ಲಿ ಒಂದು. ಟವೆಲು ಹಾಕುವ ತೆಳ್ಳನೆಯ ಸರಳು ಮನುಷ್ಯನ ಭಾರವನ್ನು ತಾಳುವುದಿಲ್ಲ; ಗೋಡೆಗೆ ಆಳವಾಗಿ ಬೋಲ್ಟು ಹಾಕಿ ಬಿಗಿದ ದಪ್ಪ ಸರಳೇ ಬೇಕು. ಇವತ್ತು ಬೇಡವೆನಿಸಿದರೂ ಗೋಡೆ ಕಟ್ಟುವಾಗ ಆ ಜಾಗದಲ್ಲಿ ಗಟ್ಟಿ ಆಧಾರ ಇಟ್ಟರೆ ಮುಂದೆ ಒಡೆಯಬೇಕಾಗಿಲ್ಲ. ಮಂಡಿನೋವಿನವರಿಗೆ ಕುಕ್ಕರುಗಾಲಲ್ಲಿ ಕೂರಲಾಗದು. ಅವರಿಗೆ 45ರಿಂದ 48 ಸೆಂಟಿಮೀಟರ್ ಎತ್ತರದ ಆಸನ ಅನುಕೂಲ.

ಐದನೆಯದು, ಗಾಳಿ ಮತ್ತು ವಿದ್ಯುತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಕಿಟಕಿಯಿಲ್ಲದ ಬಚ್ಚಲು ಎಂದರೆ ಬೂಷ್ಟಿನ ತವರು. ಮುರಕಲ್ಲಿನ ಗೋಡೆ ನೀರು ಹೀರುವ ಸ್ವಭಾವದ್ದು. ಒಳಭಾಗಕ್ಕೆ ನೀರು ನಿರೋಧಕ ಗಾರೆ ಹಾಕದಿದ್ದರೆ ಪಕ್ಕದ ಕೋಣೆಗೂ ತೇವ ಹಬ್ಬುತ್ತದೆ. ಗ್ಯಾಸ್ ಗೀಸರ್ ಇದ್ದಲ್ಲಿ ಗಾಳಿಯಾಡುವಿಕೆ ಜೀವದ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಉಂಟಾಗುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೀಯುತ್ತಿರುವವರು ತಿಳಿಯದೆಯೇ ಪ್ರಜ್ಞೆ ತಪ್ಪುತ್ತಾರೆ. ಅದನ್ನು ಬಚ್ಚಲಿನ ಹೊರಗೋಡೆಗೆ ಇಟ್ಟು ಬಿಸಿನೀರನ್ನು ಮಾತ್ರ ಒಳಗೆ ತರಬೇಕು. ವಿದ್ಯುತ್ ಗೀಸರಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕಡ್ಡಾಯವೆಂದೇ ತಿಳಿಯಿರಿ.

ನೀರು ಎಲ್ಲಿಗೆ ಹೋಗುತ್ತದೆ?

ಬಚ್ಚಲಿನ ಯೋಜನೆ ಅದರ ನಾಲ್ಕು ಗೋಡೆಗಳೊಳಗೆ ಮುಗಿಯುವುದಿಲ್ಲ. ಕೊಳವೆಯಲ್ಲಿ ಮರೆಯಾದ ನೀರು ಎಲ್ಲಿಗೋ ಹೋಗಲೇಬೇಕು. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಇತರ ಕಡೆಗಳಿಗಿಂತ ತೀವ್ರವಾದುದು. ಏಕೆಂದರೆ ಇಲ್ಲಿ ಹಿತ್ತಿಲಿಗೊಂದು ಬಾವಿ. ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಹನಿ ಹನಿಯಾಗಿ ಜಿನುಗುವ ನೀರನ್ನು ಹೊರತಂದ ಸುರಂಗಗಳಿವೆ. ಅಂಥ ನೀರನ್ನು ಕುಡಿದು ಬದುಕಿದ ಜನ ನಾವು.

ಮುರಕಲ್ಲಿನ ಮೈತುಂಬ ತೂತುಗಳು. ಅದರೊಳಗಿನ ಸಂದುಗಳಲ್ಲಿ ನೀರು ವೇಗವಾಗಿ ಚಲಿಸುತ್ತದೆ. ಮರಳಿನಲ್ಲಿ ಆಗುವಂತೆ ಸೋಸಿಹೋಗುವುದಿಲ್ಲ. ಆದುದರಿಂದ ಶೌಚಗುಂಡಿಯ ಕೊಳೆನೀರು ಬಾವಿಗೆ ಸೇರುವ ಭಯ ಇಲ್ಲಿ ಹೆಚ್ಚು. ಕೇರಳದ ಕಟ್ಟಡ ನಿಯಮಗಳು ಇಂಗುಗುಂಡಿಗೂ ಬಾವಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರವಿರಬೇಕೆಂದು ವಿಧಿಸುತ್ತವೆ. ಅದು ಕನಿಷ್ಠ ಎಂಬುದನ್ನು ಮರೆಯಬಾರದು. ನಮ್ಮ ಮಣ್ಣಿನಲ್ಲಿ ಸಾಧ್ಯವಾದಷ್ಟು ಹೆಚ್ಚು ದೂರ, ಬಾವಿಗಿಂತ ತಗ್ಗಿನ ಕಡೆಯಲ್ಲಿ, ಗುಂಡಿ ಇರುವುದು ಕ್ಷೇಮ. ನಿಮ್ಮ ಬಾವಿಯಿಂದ ನಿಮ್ಮ ಗುಂಡಿಗೆ ಅಳೆದರೆ ಸಾಲದು, ಪಕ್ಕದ ಮನೆಯವರ ಬಾವಿಗೂ ಅಳೆಯಬೇಕು. ಮನೆಗಳ ನಡುವಣ ಆವರಣಗೋಡೆ ಮಣ್ಣಿನ ಕೆಳಗಿನ ನೀರನ್ನು ತಡೆಯುವುದಿಲ್ಲ.

ಸಣ್ಣ ಮನೆಗೆ ಎರಡು ಗುಂಡಿಗಳ ಶೌಚಾಲಯ ಈಗಲೂ ಒಳ್ಳೆಯ ಉಪಾಯ. ಸುಮಾರು ಒಂದು ಮೀಟರ್ ವ್ಯಾಸದ ಎರಡು ಗುಂಡಿಗಳು. ಗೋಡೆಯಲ್ಲಿ ಜೇನುಹುಟ್ಟಿನಂತೆ ರಂಧ್ರಗಳು. ತಳಕ್ಕೆ ಕಾಂಕ್ರೀಟು ಇಲ್ಲ. ಎರಡಕ್ಕೂ ಕವಲೊಡೆದ ಒಂದೇ ಕಾಲುವೆ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಎರಡು ವರ್ಷ ಹಾಗೆಯೇ ಬಿಟ್ಟರೆ ಮೊದಲ ಗುಂಡಿಯೊಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಆದರೆ ಮಳೆಗಾಲದಲ್ಲಿ ನೆಲದ ನೀರು ಮೇಲೆ ಬರುವ ಗದ್ದೆಬದಿಯ ಜಾಗಗಳಿಗೆ ಇದು ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ ಸುತ್ತ ಮಣ್ಣು ತುಂಬಬೇಕು ಇಲ್ಲವೆ ನೀರು ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಬೇಕು. ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕೆಂದು ಕರೆಯಲ್ಪಡುವ ಎಷ್ಟೋ ಗುಂಡಿಗಳಿಗೆ ತಳವೇ ಇಲ್ಲ. ‘ಇಪ್ಪತ್ತು ವರ್ಷವಾಯಿತು, ಇನ್ನೂ ತುಂಬಿಲ್ಲ’ ಎಂದು ಹೆಮ್ಮೆಪಡುವವರು, ಅದು ಏಕೆ ತುಂಬಿಲ್ಲವೆಂದು ಒಮ್ಮೆ ತಮ್ಮ ಬಾವಿಯನ್ನು ಕೇಳಬೇಕು.

ಸ್ನಾನದ ನೀರಿನ ಮಾತು ಬೇರೆ. ಅದನ್ನು ಶೌಚದ ನೀರಿನೊಂದಿಗೆ ಸೇರಿಸದೆ ಪ್ರತ್ಯೇಕ ಕೊಳವೆಯಲ್ಲಿ ತಂದು, ಜಲ್ಲಿ ಮರಳುಗಳ ಸಣ್ಣ ಹಾಸಿನ ಮೂಲಕ ಹಾಯಿಸಿ ಬಾಳೆಗೋ ತೆಂಗಿಗೋ ಬಿಡಬಹುದು. ಹಳೆಯ ಬಚ್ಚಲು ಕೊಟ್ಟಿಗೆಯ ವಿವೇಕ ಇಲ್ಲಿ ನಮಗೆ ಮತ್ತೆ ಒದಗುತ್ತದೆ. ಫೆಬ್ರವರಿಯಿಂದಾಚೆಗೆ ನೀರಿನ ಬರ ಬರುವ ಊರುಗಳಲ್ಲಿ ಈ ಒಂದು ಕೊಳವೆಯ ಬೆಲೆ ದೊಡ್ಡದು.

ತೊಳೆಯುವವರು ಯಾರು?

ಶೌಚಾಲಯದ ನಕ್ಷೆಯಲ್ಲಿ ಎಂದೂ ಕಾಣಿಸಿಕೊಳ್ಳದ ವ್ಯಕ್ತಿಯೊಬ್ಬರಿದ್ದಾರೆ. ಅದನ್ನು ಸ್ವಚ್ಛಗೊಳಿಸುವವರು. ತಗಳಿ ಶಿವಶಂಕರ ಪಿಳ್ಳೆಯವರು 1947ರಲ್ಲಿ ಪ್ರಕಟಿಸಿದ ‘ತೋಟ್ಟಿಯುಡೆ ಮಗನ್’ ಕಾದಂಬರಿ ಆಲಪ್ಪುಳ ಪಟ್ಟಣದಲ್ಲಿ ಮಲ ಹೊರುತ್ತಿದ್ದವರ ತಲೆಮಾರುಗಳ ಕತೆ. ಮಲಯಾಳವನ್ನೂ ಓದಬಲ್ಲ ಇಲ್ಲಿನ ಮಕ್ಕಳು ಅದನ್ನು ಓದಬೇಕು. ಕರ್ನಾಟಕದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ, ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕರು ಎರಡು ಗುಂಡಿಗಳ ಶೌಚಾಲಯವನ್ನು ಹರಡಿದ್ದು ಇದೇ ಉದ್ದೇಶದಿಂದ. ಮಲವು ಗುಂಡಿಯಲ್ಲಿಯೇ ಗೊಬ್ಬರವಾದರೆ ಅದನ್ನು ಹೊರಲು ಯಾರೂ ಬೇಕಾಗುವುದಿಲ್ಲವಲ್ಲ. ಒಂದು ನಕ್ಷೆ ಬದಲಾದರೆ ಒಂದು ಜನವರ್ಗದ ಬದುಕು ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ.

1993ರಲ್ಲೊಮ್ಮೆ, 2013ರಲ್ಲಿ ಇನ್ನೊಮ್ಮೆ ದೇಶದಲ್ಲಿ ಕಾಯಿದೆಗಳಾದವು. ಹಾಗಿದ್ದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ವಿಷಾನಿಲದಿಂದ ಸಾಯುವ ಸುದ್ದಿ ನಿಂತಿಲ್ಲ. ಮೊದಲು ಇಳಿದವರನ್ನು ಉಳಿಸಲು ಹೋದವರೂ ಅಲ್ಲಿಯೇ ಉಳಿಯುತ್ತಾರೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂತಹ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಕಟ್ಟುವವರಾದ ನಾವು ಮಾಡಬಹುದಾದದ್ದು ಸರಳವಾಗಿದೆ: ಟ್ಯಾಂಕಿನ ಮುಚ್ಚಳವನ್ನು ಟೈಲ್ಸಿನಡಿಯಲ್ಲಿ ಹೂಳದೆ ಹೊರಗೆ ಕಾಣುವಂತೆ ಇಡುವುದು, ಹೀರುವ ಲಾರಿಯ ಕೊಳವೆ ತಲುಪುವಲ್ಲಿ ಅದನ್ನು ಕಟ್ಟುವುದು, ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸುವುದು, ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸದಿರುವುದು. ಸಾರ್ವಜನಿಕ ಶೌಚಾಲಯವಾದರೆ ನೀರಿನ ನಲ್ಲಿ, ಉದ್ದ ಕೊಳವೆ, ಪೊರಕೆ ಬಕೆಟುಗಳನ್ನಿಡುವ ಬೀಗವಿರುವ ಕಪಾಟು, ತೊಳೆಯುವವರು ಕೈಕಾಲು ತೊಳೆದು ಬಟ್ಟೆ ಬದಲಿಸುವ ಒಂದು ಸಣ್ಣ ಕೋಣೆ ಇಷ್ಟನ್ನು ನಕ್ಷೆಯಲ್ಲಿಯೇ ಬರೆಯಬೇಕು.

ಸಾರ್ವಜನಿಕ ಸ್ಥಳಗಳಲ್ಲಿ

ಜಾತ್ರೆಗಳಲ್ಲಿ, ರಾತ್ರಿಯಿಡೀ ನಡೆಯುವ ಆಟ, ಕೋಲ, ಕಳಿಯಾಟಗಳಲ್ಲಿ ಹೆಂಗಸರ ಸಾಲನ್ನು ನೋಡಿರಿ. ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಜಾಗ ಕೊಟ್ಟಿದ್ದೇವೆಂದು ಸಮಿತಿಯವರು ಹೇಳುತ್ತಾರೆ. ಅಳತೆಯಲ್ಲಿ ಸಮಾನವಾದದ್ದು ಉಪಯೋಗದಲ್ಲಿ ಸಮಾನವಲ್ಲ. ಒಂದು ಶೌಚಕೋಣೆ ಹಿಡಿಯುವ ಜಾಗದಲ್ಲಿ ಎರಡು ಮೂತ್ರಪಾತ್ರೆಗಳನ್ನು ಕೂರಿಸಬಹುದು. ಐದು ಕೋಣೆಗಳ ಜಾಗದಲ್ಲಿ ಗಂಡಸರಿಗೆ ಎರಡು ಕೋಣೆ, ಆರು ಮೂತ್ರಪಾತ್ರೆ ಸಿಗುತ್ತವೆ. ಒಂದೇ ಹೊತ್ತಿಗೆ ಎಂಟು ಮಂದಿ. ಅಷ್ಟೇ ಜಾಗದಲ್ಲಿ ಹೆಂಗಸರು ಐದು ಮಂದಿ ಮಾತ್ರ. ಉಡುಗೆ, ಕಂಕುಳಲ್ಲಿ ಮಗು, ಮುಟ್ಟಿನ ದಿನಗಳು ಈ ಕಾರಣಗಳಿಂದ ಅವರಿಗೆ ಬೇಕಾಗುವ ಹೊತ್ತೂ ಹೆಚ್ಚು. ಆದುದರಿಂದ ಹೆಂಗಸರ ಕಡೆಗೆ ಹೆಚ್ಚು ಜಾಗ ಕೊಡುವುದೇ ನಿಜವಾದ ಸಮಾನತೆ.

ಅಂಗವೈಕಲ್ಯವುಳ್ಳವರಿಗಾಗಿ 2016ರ ಕಾಯಿದೆಯಿದೆ. ಗಾಲಿಕುರ್ಚಿ ತಿರುಗಬೇಕಾದರೆ ಒಂದೂವರೆ ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಬಾಗಿಲಿಗೆ 90 ಸೆಂಟಿಮೀಟರ್ ಅಗಲ ಬೇಕು. ಹೊರಗಿನ ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಎಷ್ಟೋ ಕಡೆಗಳಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಬಾಗಿಲಿರುತ್ತದೆ, ಅದರ ಮುಂದೆ ಎರಡು ಮೆಟ್ಟಿಲುಗಳೂ ಇರುತ್ತವೆ. ಒಳಗೆ ಹಳೆಯ ಕುರ್ಚಿಗಳನ್ನು ತುಂಬಿಟ್ಟಿರುತ್ತಾರೆ. ಕೇರಳ ಸರಕಾರದ ‘ಟೇಕ್ ಎ ಬ್ರೇಕ್’ ಯೋಜನೆಯಲ್ಲಿ ಹಲವು ಪಂಚಾಯತುಗಳು ರಸ್ತೆಬದಿಯಲ್ಲಿ ಪ್ರಯಾಣಿಕರಿಗೆ ಶೌಚಾಲಯಗಳನ್ನು ಕಟ್ಟಿವೆ. ಕಟ್ಟಿದ್ದಕ್ಕಿಂತ ನಿತ್ಯವೂ ತೆರೆದಿಡುವುದು ಕಷ್ಟದ ಕೆಲಸ. ನೀರು, ಬೆಳಕು, ತೊಳೆಯುವವರ ಸಂಬಳ ಈ ಮೂರಕ್ಕೆ ವರ್ಷವರ್ಷವೂ ಹಣವಿಡದೆ ಕಟ್ಟಿದ ಶೌಚಾಲಯ ಆರು ತಿಂಗಳಲ್ಲಿ ಬೀಗ ಬಿದ್ದ ಕಟ್ಟಡವಾಗುತ್ತದೆ.

ಶಾಲೆಯ ಶೌಚಾಲಯ

ಇನ್ನು ಶಾಲೆಯ ವಿಚಾರ. ಮಕ್ಕಳಿಗೆ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲಿ ಅವನ್ನು ಒದಗಿಸಬೇಕೆಂದು ಆದೇಶಿಸಿತು. ಪ್ರತಿ 40 ಮಕ್ಕಳಿಗೆ ಒಂದು ಶೌಚಕೋಣೆ, ಮೂರು ಮೂತ್ರಪಾತ್ರೆಗಳು ಇರುವುದು ಉತ್ತಮವೆಂದು ಕೇಂದ್ರ ಸರಕಾರದ ಸ್ವಚ್ಛ ವಿದ್ಯಾಲಯ ಕೈಪಿಡಿ ಸೂಚಿಸುತ್ತದೆ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಕ್ಕಳು ಅದನ್ನು ಬಳಸುತ್ತಾರೆಯೇ ಎಂಬುದೇ ಪ್ರಶ್ನೆ.

ಇಲ್ಲಿರುವ ತಾಯಂದಿರು ಒಂದು ಕೆಲಸ ಮಾಡಬಹುದು. ಬೆಳಗ್ಗೆ ಮಗಳ ಚೀಲದಲ್ಲಿ ತುಂಬಿ ಕಳುಹಿಸಿದ ನೀರಿನ ಬಾಟಲಿ ಸಂಜೆ ಎಷ್ಟು ಖಾಲಿಯಾಗಿ ಬರುತ್ತದೆಂದು ನೋಡಿರಿ. ಅದು ತುಂಬಿಯೇ ಮರಳಿದರೆ, ಆಕೆಗೆ ಬಾಯಾರಿಕೆಯಿಲ್ಲವೆಂದು ತಿಳಿಯಬೇಡಿ. ಶೌಚಾಲಯಕ್ಕೆ ಹೋಗಬೇಕಾಗಬಹುದೆಂಬ ಅಂಜಿಕೆಯಿಂದ ನೀರು ಕುಡಿಯದೆ ದಿನ ಕಳೆಯುವ ಹುಡುಗಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹೀಗೆ ನೀರು ಬಿಟ್ಟು, ಮೂತ್ರ ತಡೆದುಕೊಂಡರೆ ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆ. ತಲೆನೋವು, ಮಂಕುತನ, ಮಲಬದ್ಧತೆಗಳೂ ಬರುತ್ತವೆ. ಗಣಿತದ ತರಗತಿಯಲ್ಲಿ ಮಗುವಿನ ಗಮನ ಎಲ್ಲಿರಬೇಕು, ಎಲ್ಲಿರುತ್ತದೆ ಎಂದು ಯೋಚಿಸಿ.

ಹಾಗಾದರೆ ಆಕೆ ಅಂಜದೆ ಹೋಗುವಂಥದ್ದು ಹೇಗಿರಬೇಕು? ಹುಡುಗಿಯರ ಶೌಚಾಲಯದ ಬಾಗಿಲು ಹುಡುಗರ ಆಟದ ಬಯಲಿಗೆ ಮುಖಮಾಡಿರಬಾರದು, ಎದುರಿಗೊಂದು ಮರೆಗೋಡೆಯಿರಬೇಕು. ಆದರೆ ಅದು ಶಾಲೆಯ ಹಿಂದಿನ ನಿರ್ಜನ ಮೂಲೆಯಲ್ಲಿಯೂ ಇರಬಾರದು. ತರಗತಿಗಳ ಸಾಲಿಗೆ ಸೇರಿ, ಮಾಡಿನ ನೆರಳಿನಲ್ಲಿ, ಜಡಿಮಳೆಯಲ್ಲೂ ನೆನೆಯದೆ ಹೋಗಿಬರುವಂತಿರಬೇಕು. ಒಳಗಿನ ಚಿಲಕ ಗಟ್ಟಿಯಾಗಿರಬೇಕು, ಒಂದನೆಯ ತರಗತಿಯ ಮಗುವಿಗೂ ಎಟಕುವಂತಿರಬೇಕು. ಕೋಣೆಯೊಳಗೆಯೇ ನಲ್ಲಿ, ಬಟ್ಟೆ ತೂಗುಹಾಕಲು ಕೊಕ್ಕೆ, ಒದ್ದೆಯಾಗದಂತೆ ಏನನ್ನಾದರೂ ಇಡಲು ಪುಟ್ಟ ಹಲಗೆ, ಮುಚ್ಚಳವಿರುವ ಕಸದಬುಟ್ಟಿ ಬೇಕು. ಮುಟ್ಟಾದ ಹುಡುಗಿ ಯಾರನ್ನೂ ಕೇಳದೆ, ಯಾರಿಗೂ ಕಾಣದೆ ತನ್ನ ಕೆಲಸ ಮುಗಿಸಿ ತರಗತಿಗೆ ಮರಳಲು ಇಷ್ಟು ಸಾಕು. ಇವುಗಳ ಖರ್ಚು ಕಟ್ಟಡದ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇವಿಲ್ಲದಿದ್ದರೆ ಪ್ರತಿ ತಿಂಗಳೂ ಕೆಲವು ದಿನ ಆಕೆ ಶಾಲೆಗೆ ರಜೆ ಹಾಕುತ್ತಾಳೆ.

ಕಿರಿಯ ಮಕ್ಕಳಿಗೆ ಸಣ್ಣ ಅಳತೆಯ ಪ್ಯಾನುಗಳಿರಬೇಕು. ದೊಡ್ಡವರ ಪ್ಯಾನಿನ ಮೇಲೆ ಕಾಲು ಅಗಲಿಸಿ ಕೂರಲು ಆರು ವರ್ಷದ ಮಗು ಹೆದರುತ್ತದೆ. ಕೈತೊಳೆಯುವ ನಲ್ಲಿಗಳು ಎರಡು ಮೂರು ಎತ್ತರಗಳಲ್ಲಿರಲಿ. ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಬರುವುದರಿಂದ ಒಂದೇ ಉದ್ದ ತೊಟ್ಟಿಯ ಮೇಲೆ ಹತ್ತು ಹನ್ನೆರಡು ನಲ್ಲಿಗಳಿದ್ದರೆ ಒಳ್ಳೆಯದು. ಸಾಬೂನನ್ನು ಬಲೆಚೀಲದಲ್ಲಿ ಕಟ್ಟಿ ತೂಗಿಬಿಟ್ಟರೆ ಅದು ಜಾರಿ ಮಣ್ಣಾಗುವುದಿಲ್ಲ, ಕಾಣೆಯಾಗುವುದೂ ಇಲ್ಲ.

ನೀರಿನ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ; ಎತ್ತರದ ತರಗತಿಯ ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 3500 ಮಿಲಿಮೀಟರ್ ಮಳೆ ಬಿದ್ದರೆ ಮೂರೂವರೆ ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ನಷ್ಟವೆಂದರೂ 2 ಲಕ್ಷ 80 ಸಾವಿರ ಲೀಟರ್ ಸಿಗುತ್ತದೆ. ಶಾಲೆ ತೆರೆಯುವುದು ಜೂನಿನಲ್ಲಿ; ಮಳೆ ಹಿಡಿಯುವುದೂ ಜೂನಿನಲ್ಲಿ. ವರ್ಷದ ಮೊದಲರ್ಧದಲ್ಲಿ ಶೌಚಾಲಯಕ್ಕೆ ಬೇಕಾದ ನೀರನ್ನು ಮಾಡೇ ಕೊಡಬಲ್ಲದು. ಮಿಕ್ಕ ನೀರನ್ನು ಸೋಸಿ ಬಾವಿಗೆ ಇಳಿಸಿದರೆ ಫೆಬ್ರವರಿ ಮಾರ್ಚ್ ತಿಂಗಳ ಕೊರತೆಗೆ ಅದು ಆಸರೆಯಾಗುತ್ತದೆ.

ಕೊನೆಯದಾಗಿ ಒಂದು ವಿನಂತಿ

ಶತಮಾನೋತ್ಸವದ ನೆನಪಿಗೆ ಮಹಾದ್ವಾರವನ್ನೋ ರಂಗವೇದಿಕೆಯನ್ನೋ ಕಟ್ಟುವುದು ನಮ್ಮ ಕಡೆಯ ವಾಡಿಕೆ. ದಾನಿಗಳ ಹೆಸರು ಕೆತ್ತಲು ಅಲ್ಲಿ ಒಳ್ಳೆಯ ಜಾಗವೂ ಇರುತ್ತದೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಹೊಸ ಶೌಚಾಲಯ ಸಂಕೀರ್ಣವನ್ನು ಅವುಗಳಿಗಿಂತ ಮೊದಲು ಕಟ್ಟಿರಿ ಎಂಬುದಷ್ಟೇ ನನ್ನ ವಿನಂತಿ. ಅದರ ನಿರ್ವಹಣೆಗೆಂದು ಬ್ಯಾಂಕಿನಲ್ಲಿ ಒಂದು ನಿಧಿ ಇಡಿರಿ. ಬಡ್ಡಿಯಿಂದ ತೊಳೆಯುವವರ ಸಂಬಳ ನಡೆಯಲಿ. ನಕ್ಷೆಯನ್ನು ಒಪ್ಪುವ ಮೊದಲು ಎಂಟು ಜನರನ್ನು ಕೂರಿಸಿ ಕೇಳಿರಿ: ಒಂದನೆಯ ತರಗತಿಯ ಒಂದು ಮಗು, ಏಳನೆಯ ತರಗತಿಯ ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಒಬ್ಬ ಅಧ್ಯಾಪಿಕೆ, ನಡೆಯಲು ಕಷ್ಟವಿರುವ ಒಬ್ಬ ಮಗು, ಬಿಸಿಯೂಟದ ಅಡುಗೆಯವರು ಮತ್ತು ತೊಳೆಯುವವರು. ಎಂಜಿನಿಯರುಗಳಿಗೆ ಕಾಣದ ಕೊರತೆಗಳು ಇವರಿಗೆ ಕಾಣುತ್ತವೆ.

ಈ ಮಾತಿಗೂ ಕನ್ನಡಕ್ಕೂ ಸಂಬಂಧವೇನೆಂದು ಕೇಳಬಹುದು. 1956ರಿಂದ ಈಚೆಗೆ ಈ ನೆಲದ ಕನ್ನಡ ಶಾಲೆಗಳು ಒಂದಲ್ಲ ಒಂದು ಚಿಂತೆಯಲ್ಲಿಯೇ ಬಾಳುತ್ತ ಬಂದಿವೆ. ಈಗಿನ ಚಿಂತೆ ಮಕ್ಕಳ ಸಂಖ್ಯೆಯದು. ತಂದೆತಾಯಿಗಳು ಮಗುವನ್ನು ಸೇರಿಸುವ ಮೊದಲು ಶಾಲೆಯನ್ನು ನೋಡಲು ಬರುತ್ತಾರೆ. ಭಾಷಾಭಿಮಾನ ಅವರಲ್ಲಿ ಇಲ್ಲದಿಲ್ಲ. ಆದರೆ ಹೆಣ್ಣುಮಗುವಿನ ತಾಯಿ ಬಂದಾಗ ಕೇಳದೆಯೇ ಒಮ್ಮೆ ಹಿಂದಿನ ಅಂಗಳಕ್ಕೆ ಕಣ್ಣು ಹಾಯಿಸುತ್ತಾಳೆ. ಅಲ್ಲಿ ಮುರಿದ ಬಾಗಿಲು ಕಂಡರೆ, ನೀರಿಲ್ಲದ ನಲ್ಲಿ ಕಂಡರೆ, ನಮ್ಮ ಭಾಷಣಗಳು ಆಕೆಯ ಮನಸ್ಸನ್ನು ತಿರುಗಿಸಲಾರವು. ತಾಯ್ನುಡಿಯಲ್ಲಿ ಕಲಿಯುವ ಹಕ್ಕಿಗಾಗಿ ಇಷ್ಟು ವರ್ಷ ಹೋರಾಡಿದವರು, ಆ ನುಡಿಯಲ್ಲಿ ಕಲಿಯುವ ಮಗು ಸಂಜೆಯವರೆಗೆ ನೆಮ್ಮದಿಯಿಂದ ಶಾಲೆಯಲ್ಲಿರುವಂತೆ ಮಾಡುವುದೂ ಆ ಹೋರಾಟದ ಭಾಗವೇ ಎಂದು ತಿಳಿಯಬೇಕು.

ಮುಂದಿನ ನೂರು ವರ್ಷಗಳಲ್ಲಿ ಈ ಶಾಲೆಯ ಬಾಗಿಲು ದಾಟುವ ಪ್ರತಿಯೊಂದು ಮಗುವೂ ತುಂಬಿದ ಬಾಟಲಿಯನ್ನು ತಂದು ಖಾಲಿ ಬಾಟಲಿಯನ್ನು ಮನೆಗೊಯ್ಯಲಿ ಎಂದು ಹಾರೈಸುತ್ತೇನೆ.